ಜೋಳ ಕೊಯ್ದ ಆರನೇ ದಿನ ಬಿತ್ತಿದ ಕಡಲೆ

ಕಲಬುರಗಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ನಡೆದದ್ದು ಇದು. ಊರಿನ ಹೆಸರು ಹೇಳುವುದಿಲ್ಲ, ರೈತರ ಹೆಸರೂ ಹೇಳುವುದಿಲ್ಲ. ಅವರನ್ನು ಇಡೀ ಊರು ಕಾಕಾ ಅನ್ನುತ್ತದೆ, ನಾನೂ ಹಾಗೇ ಕರೆಯುತ್ತೇನೆ. ಗುರುತು ಸಿಗದಿರಲಿ ಅಂತ ಎಕರೆ ಲೆಕ್ಕ, ಮನೆಯ ವಿವರ ಸ್ವಲ್ಪ ಬದಲಿಸಿದ್ದೇನೆ. ಕೃಷಿ ಓದಿದ ಮೇಲೆ ಈ ಭಾಗದ ರೈತರಿಗೆ ಬೆಳೆ ಸಲಹೆ ಕೊಡುವುದೇ ನನ್ನ ಕೆಲಸ. ಈ ಹೊಲದಲ್ಲಿ ನಾನು ಎರಡು ಸಲ ತಪ್ಪು ಸಲಹೆ ಕೊಟ್ಟೆ. ಅದನ್ನೂ ಮುಚ್ಚಿಡದೆ ಬರೆಯುತ್ತಿದ್ದೇನೆ.

ಹೊಲದ ಹಿನ್ನೆಲೆ

ಆರು ಎಕರೆ ಎರೆ ಭೂಮಿ. ಅದರಲ್ಲಿ ನಾಲ್ಕು ಎಕರೆಗೆ ಪ್ರತಿ ವರ್ಷ ತೊಗರಿ. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್ (ಭೌಗೋಳಿಕ ಗುರುತು) ಸಿಕ್ಕಿದೆ, ಇಲ್ಲಿ ತೊಗರಿ ಬಿತ್ತದ ಮನೆ ಹುಡುಕುವುದೇ ಕಷ್ಟ. ಉಳಿದ ಎರಡು ಎಕರೆಯಲ್ಲಿ ಕಾಕಾ ಅವರ ಅಪ್ಪನ ಕಾಲದಿಂದ ಒಂದು ಪದ್ಧತಿ ನಡೆದು ಬಂದಿತ್ತು. ಮುಂಗಾರಿಗೆ ಹೆಸರು, ಹೆಸರು ಬಂದ ಮೇಲೆ ಹಿಂಗಾರಿಗೆ ಬಿಳಿಜೋಳ. ಮುಂದಿನ ಹಿಂಗಾರಿಗೆ ಅದೇ ತುಂಡಿಗೆ ಕಡಲೆ.

ಜೋಳ ಕೊಯ್ಯುವುದು ಫೆಬ್ರವರಿ ಕೊನೆಗೆ, ಇಲ್ಲವೇ ಮಾರ್ಚ್‌ನಲ್ಲಿ. ಕಡಲೆ ಬಿತ್ತುವುದು ಅಕ್ಟೋಬರ್‌ನಲ್ಲಿ. ನಡುವೆ ಏಳು ತಿಂಗಳು. ಬೇಸಿಗೆಯಲ್ಲಿ ಎರೆ ಮಣ್ಣು ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಕೊಯ್ದ ಮೇಲೆ ನೆಲದಲ್ಲಿ ಉಳಿದ ಕೂಳೆ ಒಣಗಿ ಪುಡಿಯಾಗುತ್ತದೆ. ಮಳೆ ಬಂದ ಮೇಲೆ ಕೊಳೆತು ಮಣ್ಣು ಸೇರುತ್ತದೆ. ಈ ಏಳು ತಿಂಗಳಲ್ಲಿ ಹೊಲ ಏನು ಕೆಲಸ ಮಾಡುತ್ತದೆ ಅಂತ ಯಾರೂ ಕೇಳಿದವರಲ್ಲ. ನಾನೂ ಕೇಳಿರಲಿಲ್ಲ.

ಕಾಕಾ ಅವರ ಅಣ್ಣನ ಮಗ ಪುಣೆಯ ಕೆಲಸ ಬಿಟ್ಟು ಊರಿಗೆ ಬಂದ. ಬಂದವನೇ ನಾಲ್ಕು ಎಮ್ಮೆ ಕಟ್ಟಿದ. ಎಮ್ಮೆಗೆ ಹಸಿ ಮೇವು ಬೇಕು. ಹೊಲದಲ್ಲಿ ಕೃಷಿ ಹೊಂಡ ಇತ್ತು. ಹೀಗಾಗಿ ಎರಡು ಎಕರೆಯಲ್ಲಿ ಒಂದೂವರೆ ಎಕರೆಗೆ, ಮೇಲಿಂದ ಮೇಲೆ ಕೊಯ್ಯಲು ಬರುವ ಮೇವಿನ ಜೋಳ ಹಾಕಿದ. ಉಳಿದ ಅರ್ಧ ಎಕರೆಗೆ ಕಾಕು, ಅಂದರೆ ಕಾಕಾ ಅವರ ಹೆಂಡತಿ, ಹಟ ಹಿಡಿದು ಹೆಸರು ಹಾಕಿಸಿದರು, ಮನೆಗೆ ಬೇಳೆ ಬೇಕಲ್ಲ ಅಂತ. ಆ ಹಟದಿಂದ ಕೊನೆಗೆ ನನಗೆ ದೊಡ್ಡ ಉಪಕಾರವಾಯಿತು. ಅದು ಇರದಿದ್ದರೆ ಹೋಲಿಸಿ ನೋಡಲು ಏನೂ ಇರುತ್ತಿರಲಿಲ್ಲ.

ಮೇವಿನ ಜೋಳ ಚೆನ್ನಾಗಿಯೇ ಬಂತು. ಆಗಸ್ಟ್‌ನಲ್ಲಿ ಒಂದು ಕೊಯ್ಲು, ಅಕ್ಟೋಬರ್ ಮೊದಲ ವಾರ ಇನ್ನೊಂದು. ಎರಡನೇ ಕೊಯ್ಲು ಮುಗಿದ ಮೂರನೇ ದಿನ ಬಾಡಿಗೆ ರೋಟಾವೇಟರ್ ತಂದು, ಮೊಣಕಾಲು ಎತ್ತರದ ಹಸಿ ಕೂಳೆಯನ್ನು ಹಾಗೇ ಮಣ್ಣಿಗೆ ಸೇರಿಸಿದರು. ಆರನೇ ದಿನ ಕಡಲೆ ಬಿತ್ತಿದರು. ಜೆಜಿ-11 ತಳಿ, ಒಂದೇ ಅಂಗಡಿಯ ಒಂದೇ ಚೀಲ. ಎರಡೂ ತುಂಡಿಗೆ ಒಂದೇ ದಿನ, ಒಂದೇ ಕೂರಿಗೆ. ಅವಸರಕ್ಕೆ ಕಾರಣ ಇತ್ತು. ಎರೆಯಲ್ಲಿ ಹಿಂಗಾರಿ ಅಂದರೆ ಹಸಿಯ, ಮಣ್ಣಿನ ತೇವದ ಲೆಕ್ಕ. ಒಂದು ದಿನ ತಡವಾದರೆ ಒಂದು ದಿನದ ಹಸಿ ಹೋಯಿತು.

ತೊಂದರೆ ಕಂಡದ್ದು

ಬಿತ್ತಿದ ಇಪ್ಪತ್ತನೇ ದಿನ ಫೋನ್ ಬಂತು. "ಸರ್, ಹೊಲಕ್ಕ ಏನೋ ಆಗ್ಯದರಿ. ಬಂದು ನೋಡ್ರಿ."

ಹೋದೆ. ಹೆಸರು ಹಾಕಿದ್ದ ಅರ್ಧ ಎಕರೆಯಲ್ಲಿ ಕಡಲೆ ಗೇಣುದ್ದ, ದಟ್ಟ ಹಸಿರು, ಸಾಲು ತುಂಬಿ ನಿಂತಿತ್ತು. ಮೇವಿನ ಜೋಳದ ತುಂಡಿನಲ್ಲಿ ಸಾಲುಗಳೇ ಸರಿಯಾಗಿ ಕಾಣುತ್ತಿರಲಿಲ್ಲ. ಹುಟ್ಟಿದ್ದು ಕಡಿಮೆ. ಹುಟ್ಟಿದ್ದರಲ್ಲಿ ಎಷ್ಟೋ ಸಸಿ ನಾಲ್ಕು ಬೆರಳಿಗಿಂತ ಮೇಲೆ ಎದ್ದಿರಲಿಲ್ಲ, ಬಣ್ಣ ಹಳದಿ. ಇದರ ಜೊತೆ ಉತ್ತರದ ಬದುವಿಗೆ ಹೊಂದಿಕೊಂಡು ಒಂದು ಪಟ್ಟಿ ಬೋಳಾಗಿತ್ತು. ಬದುವಿನ ಮೇಲೆ ಬಳ್ಳಾರಿ ಜಾಲಿ ಸಾಲಾಗಿ ಬೆಳೆದಿದೆ.

ಕಾಕಾ ಅಷ್ಟರಲ್ಲಿ ಬೀಜದ ಅಂಗಡಿಯವನ ಜೊತೆ ಒಂದು ಸುತ್ತು ಜಗಳ ಮುಗಿಸಿ ಬಂದಿದ್ದರು. ಒಂದೇ ಚೀಲದ ಬೀಜ ಪಕ್ಕದಲ್ಲೇ ಚೆನ್ನಾಗಿ ಹುಟ್ಟಿದೆಯಲ್ಲ ಅಂತ ನಾನು ಹೇಳಿದ ಮೇಲೆ ಸುಮ್ಮನಾದರು. ಮರುದಿನ ಹೋಗಿ ಆ ಅಂಗಡಿಯಲ್ಲಿ ಚಹಾ ಕುಡಿದು ಬಂದರಂತೆ.

ನನ್ನ ಮೊದಲ ತಪ್ಪು ಅವತ್ತೇ ಆಯಿತು. ಹಳದಿ ಸಸಿ ನೋಡಿದ ಕೂಡಲೇ "ಸೊರಗು ರೋಗ" ಅಂದೆ. ನಮ್ಮ ಭಾಗದ ಕಡಲೆಗೆ ಸೊರಗು ರೋಗ ಹೊಸದಲ್ಲ, ಬಾಯಿಗೆ ಮೊದಲು ಬರುವುದು ಅದೇ. ಶಿಲೀಂಧ್ರನಾಶಕ ಬರೆದುಕೊಟ್ಟೆ, ಅವರು ತಂದು ಬುಡಕ್ಕೆ ಹಾಕಿದರು. ಕೂಲಿ ಸೇರಿ ಸುಮಾರು ದುಡ್ಡು ಹೋಯಿತು. ವಾರ ಬಿಟ್ಟು ಹೋದಾಗ ಏನೂ ಬದಲಾಗಿರಲಿಲ್ಲ. ಆಗ ಕೂತು, ಮೊದಲ ದಿನವೇ ಮಾಡಬೇಕಿದ್ದ ಕೆಲಸ ಮಾಡಿದೆ. ಹತ್ತು ಸಸಿ ಕಿತ್ತು ಕಾಂಡವನ್ನು ಉದ್ದಕ್ಕೆ ಸೀಳಿದೆ. ಸೊರಗು ಇದ್ದರೆ ಒಳಗೆ ಕಂದು ಗೆರೆ ಕಾಣಬೇಕು. ಹತ್ತರಲ್ಲಿ ಒಂದಕ್ಕೂ ಇರಲಿಲ್ಲ, ಒಳಗೆಲ್ಲ ಬೆಳ್ಳಗೆ.

ಬೇರು ಮಾತ್ರ ಬೇರೆಯೇ ಇತ್ತು. ಒಂದು ಸಸಿಯ ಪಕ್ಕ ಅರೆ ಕೊಳೆತ ಜೋಳದ ಬುಡ ಇತ್ತು, ಮುಷ್ಟಿ ಗಾತ್ರದ್ದು, ಹುಳಿ ವಾಸನೆ. ಆ ಸಸಿಯ ತಾಯಿಬೇರು ಎರಡು ಅಂಗುಲ ಇಳಿದು, ತುದಿ ಕಂದಾಗಿ, ಗಾಳದ ಹಾಗೆ ಬಾಗಿ ಪಕ್ಕಕ್ಕೆ ಹೊರಳಿತ್ತು. ಅದೇ ಸಾಲಿನಲ್ಲಿ ಒಂದು ಗೇಣು ಆಚೆ ಕೂಳೆ ಇಲ್ಲದ ಕಡೆ ಇನ್ನೊಂದು ಸಸಿ. ಅದರ ಬೇರು ನೆಟ್ಟಗೆ, ಬೆಳ್ಳಗೆ, ಎಳೆದರೂ ಬರಲಿಲ್ಲ, ಅಗೆದು ತೆಗೆಯಬೇಕಾಯಿತು. ಆಮೇಲೆ ಸಾಲು ಹಿಡಿದು ಹೋದ ಹಾಗೆ ಇದೇ ಕತೆ. ಕೂಳೆ ಗಡ್ಡೆ ಇದ್ದಲ್ಲಿ ಸಸಿ ಕುಳ್ಳು, ಇಲ್ಲದಲ್ಲಿ ಪರವಾಗಿಲ್ಲ.

ಕಾಕು ಹೇಳಿದ್ದು

ಅಂಗಳದಲ್ಲಿ ಕೂತು ಕಿತ್ತ ಸಸಿಗಳನ್ನು ಹರಡಿಕೊಂಡು ನೋಡುತ್ತಿದ್ದಾಗ ಕಾಕು ಚಹಾ ತಂದಿಟ್ಟು ನಿಂತರು. "ಎಳಿ ಜ್ವಾಳ ಮೇಯ್ದ್ರ ಎಮ್ಮಿನೇ ಬಿದ್ದು ಸಾಯ್ತದ. ಅಂಥಾದ್ದರ ಬೇರು ಕೊಳತರ ಕಡ್ಲಿಗಿ ಏನೂ ಆಗಂಗಿಲ್ಲೇನ್ರಿ?"

ನಾನು ಕಾಲೇಜಿನಲ್ಲಿ ಓದಿ ಪರೀಕ್ಷೆ ಬರೆದು ಮರೆತ ಪಾಠ ಅದು. ಎಳೆ ಜೋಳದಲ್ಲಿ ಧುರಿನ್ ಅನ್ನುವ ವಸ್ತು ಇರುತ್ತದೆ. ಎಲೆ ಜಜ್ಜಿದಾಗ, ದನ ಜಗಿದಾಗ ಅದರಿಂದ ಸೈನೈಡ್ ಹೊರಬರುತ್ತದೆ. ಮಳೆ ಕೈಕೊಟ್ಟು ಬಾಡಿದ ಎಳೆ ಜೋಳ ದನಕ್ಕೆ ಹಾಕಬಾರದು ಅಂತ ಹಿರಿಯರು ಹೇಳುವುದು ಇದಕ್ಕೇ. ಆದರೆ ಜೋಳದ ರಸಾಯನ ಅಷ್ಟಕ್ಕೇ ನಿಲ್ಲುವುದಿಲ್ಲ. ಜೀವಂತ ಜೋಳದ ಬೇರಿನ ಸಣ್ಣ ರೋಮಗಳ ತುದಿಯಲ್ಲಿ ಹಳದಿ ಎಣ್ಣೆಯ ಹನಿಗಳು ಒಸರುತ್ತವೆ. ಅದರಲ್ಲಿ ಮುಖ್ಯವಾದದ್ದು ಸೋರ್ಗೋಲಿಯೋನ್. ಅಮೆರಿಕದ ವಿಜ್ಞಾನಿಗಳು 1980ರ ದಶಕದಲ್ಲಿ ಅದನ್ನು ಬೇರ್ಪಡಿಸಿ ವಿವರಿಸಿದರು. ನೆರೆಯ ಎಳೆ ಗಿಡ ಬಿಸಿಲಿನಿಂದ ಆಹಾರ ಮಾಡಿಕೊಳ್ಳುವ ಕೆಲಸಕ್ಕೆ ಇದು ಅಡ್ಡ ಬರುತ್ತದೆ. ಇನ್ನು ಜೋಳದ ದಂಟು, ಬೇರು ಕೊಳೆಯುವಾಗ ಫೆರುಲಿಕ್, ಕೂಮಾರಿಕ್ ಮೊದಲಾದ ಆಮ್ಲಗಳು ಮಣ್ಣಿಗೆ ಇಳಿಯುತ್ತವೆ. ಎಳೆ ಬೇರಿನ ತುದಿಗೆ ಇವು ಆಗುವುದಿಲ್ಲ. ವಾರ ಕಳೆದ ಹಾಗೆ ಮಣ್ಣಿನ ಸೂಕ್ಷ್ಮಜೀವಿಗಳು ಇವನ್ನೆಲ್ಲ ತಿಂದು ಮುಗಿಸುತ್ತವೆ.

ಒಂದು ಗಿಡ ಬಿಡುವ ರಸಾಯನ ಇನ್ನೊಂದು ಗಿಡದ ಮೇಲೆ ಪರಿಣಾಮ ಮಾಡುವುದಕ್ಕೆ ಅಲೆಲೋಪಥಿ ಅನ್ನುತ್ತಾರೆ. ಆಸ್ಟ್ರಿಯಾದ ಹಾನ್ಸ್ ಮೋಲಿಷ್ 1937ರಲ್ಲಿ ಇಟ್ಟ ಹೆಸರು. ಹೆಸರು ಈಚಿನದು, ವಿಷಯ ಹಳೆಯದು. ಕರಿ ಅಕ್ರೋಟ್ ಮರದ ಕೆಳಗೆ ಟೊಮೇಟೊ ಬಾಡುತ್ತದೆ, ಅದಕ್ಕೆ ಆ ಮರದ ಜುಗ್ಲೋನ್ ಕಾರಣ ಅನ್ನುವುದು ಪುಸ್ತಕದ ಉದಾಹರಣೆ. ನಮಗೆ ಅಕ್ರೋಟ್ ಯಾಕೆ, ಕಾಂಗ್ರೆಸ್ ಕಸವೇ ಸಾಕು. ಪುಣೆಯಲ್ಲಿ 1950ರ ದಶಕದಲ್ಲಿ ಕಣ್ಣಿಗೆ ಬಿದ್ದ ಆ ಕಸ ದೇಶ ತುಂಬಿದ್ದರಲ್ಲಿ ಅದರ ಪಾರ್ಥೆನಿನ್ ಅನ್ನುವ ರಸಾಯನದ ಕೈಯೂ ಇದೆ. ಅದು ಸುತ್ತಲಿನ ಬೀಜ ಮೊಳೆಯದ ಹಾಗೆ ತಡೆಯುತ್ತದೆ.

ಹೀಗೆ ಕತೆ ಚೆಂದ ಕೂಡಿ ಬಂತು. ಚೆಂದ ಕೂಡಿ ಬಂದ ಕತೆಯ ಮೇಲೆಯೇ ನನಗೆ ಆಗ ಅನುಮಾನ, ಯಾಕೆಂದರೆ ಹಿಂದಿನ ವಾರ "ಸೊರಗು" ಅಂದಾಗಲೂ ಹಾಗೇ ಕೂಡಿ ಬಂದಿತ್ತು.

ಬೇರೆ ಏನೇನಿರಬಹುದು

ಮೊದಲ ಸಂಶಯ ಕಳೆನಾಶಕ. ಜೋಳಕ್ಕೆ ಅಟ್ರಾಜಿನ್ ಹೊಡೆಯುವುದು ಮಾಮೂಲು. ಜೋಳಕ್ಕೆ ಅದರಿಂದ ಏನೂ ಆಗುವುದಿಲ್ಲ, ಆದರೆ ಮಣ್ಣಿನಲ್ಲಿ ಉಳಿದರೆ ಹಿಂದೆ ಬರುವ ಕಡಲೆಯಂಥ ಬೆಳೆಗೆ ಪೆಟ್ಟು. ತಮಾಷೆ ನೋಡಿ, ಅಟ್ರಾಜಿನ್ ಎಲೆಯೊಳಗೆ ಯಾವ ಜಾಗದಲ್ಲಿ ಕೂತು ಕೆಲಸ ಕೆಡಿಸುತ್ತದೋ ಸೋರ್ಗೋಲಿಯೋನ್ ಕೂಡ ಅಲ್ಲೇ ಕೂರುತ್ತದೆ. ಎಲೆ ನೋಡಿ ಹೇಳಲು ಆಗುವುದಿಲ್ಲ. ಮನುಷ್ಯರನ್ನೇ ಕೇಳಬೇಕು. ಕಾಕಾ "ಏನೂ ಹೊಡದಿಲ್ರಿ" ಅಂದರು. ಅಣ್ಣನ ಮಗ ತಲೆ ಕೆರೆದುಕೊಂಡ. ತಂದದ್ದು ನಿಜ, ಹೊಡೆದದ್ದು ನೆನಪಿಲ್ಲ ಅಂದ. ಕೊಟ್ಟಿಗೆಯ ಅಟ್ಟ ಹತ್ತಿ ಹುಡುಕಿದಾಗ ಪ್ಯಾಕೆಟ್ ಸಿಕ್ಕಿತು, ಒಡೆದಿರಲಿಲ್ಲ. ಇಲಿ ಒಂದು ಮೂಲೆ ಕಡಿದಿತ್ತು, ಅಷ್ಟೇ. ಇಡೀ ಪ್ರಕರಣದಲ್ಲಿ ಎಲ್ಲಕ್ಕಿಂತ ಬೆಲೆಯ ಸಾಕ್ಷಿ ಆ ಪ್ಯಾಕೆಟ್ಟೇ. ಯಾಕೆ ಅಂತ ಇದ್ದಿಲಿನ ವಿಷಯ ಬಂದಾಗ ಹೇಳುತ್ತೇನೆ.

ಎರಡನೆಯದು ಸಾರಜನಕ. ಹಸಿ ಕೂಳೆ ರಾಶಿಯಾಗಿ ಮಣ್ಣಿಗೆ ಸೇರಿದಾಗ ಅದನ್ನು ಕೊಳೆಸುವ ಜೀವಿಗಳು ಮಣ್ಣಿನ ಸಾರಜನಕವನ್ನು ತಾವೇ ಎಳೆದುಕೊಳ್ಳುತ್ತವೆ. ಬೆಳೆಗೆ ಸಿಗುವುದಿಲ್ಲ, ಎಲೆ ಹಳದಿ. ನಾಲ್ಕು ಸಾಲಿಗೆ ಶೇಕಡಾ 2ರ ಯೂರಿಯಾ ನೀರು ಸಿಂಪಡಿಸಿ ಗೂಟ ಹೊಡೆದು ಗುರುತು ಮಾಡಿದೆವು. ವಾರದಲ್ಲಿ ಎಲೆಗೆ ಹಸಿರು ಬಂತು. ಎತ್ತರ ಬರಲಿಲ್ಲ, ಬಿಟ್ಟ ಸಂದು ತುಂಬಲಿಲ್ಲ. ಅಂದರೆ ಸಾರಜನಕದ ಪಾಲು ಇದೆ, ಆದರೆ ಅದೊಂದೇ ಅಲ್ಲ.

ಮೂರನೆಯದು ಹಸಿ. ಎರಡು ಕೊಯ್ಲು ಕೊಟ್ಟ ಜೋಳ ನೆಲದ ನೀರನ್ನು ಕುಡಿಯದೆ ಬಿಟ್ಟೀತೇ? ಹಾರೆಯಿಂದ ಮೊಳ ಆಳ ಅಗೆದು ಮಣ್ಣು ಹಿಂಡಿ ನೋಡಿದೆವು. ಹೆಸರಿನ ತುಂಡಿನ ಮಣ್ಣು ಉಂಡೆ ಕಟ್ಟಿತು. ಜೋಳದ ತುಂಡಿನದು ಕಟ್ಟಿ ಬಿರಿಯಿತು. ಇದಕ್ಕೂ ಪಾಲು ಇದೆ ಅಂತಾಯಿತು.

ಈಗ ಜೋಳದ ರಸಾಯನ, ಸಾರಜನಕ, ಹಸಿ ಈ ಮೂರು ಕಾರಣ ಒಂದರೊಳಗೊಂದು ಹೆಣೆದುಕೊಂಡಿದ್ದವು. ಬಿಡಿಸಲು ಲೋಟದ ಪರೀಕ್ಷೆ ಮಾಡಿದೆವು. ಮದುವೆಯಲ್ಲಿ ಮಜ್ಜಿಗೆ ಕೊಡುವ ಪ್ಲಾಸ್ಟಿಕ್ ಲೋಟ ಆರು ತಂದು ತಳಕ್ಕೆ ತೂತು ಮಾಡಿದೆವು. ಎರಡಕ್ಕೆ ಹೆಸರಿನ ತುಂಡಿನ ಮೇಲ್ಮಣ್ಣು, ಎರಡಕ್ಕೆ ಜೋಳದ ತುಂಡಿನದು, ಇನ್ನೆರಡಕ್ಕೆ ಜೋಳದ ತುಂಡಿನ ಮಣ್ಣಿಗೆ ಇದ್ದಿಲು ಬೆರೆಸಿದ್ದು. ಒಲೆಯ ಇದ್ದಿಲಲ್ಲ, ನೀರಿನ ಫಿಲ್ಟರ್‌ಗೆ ಹಾಕುವ ಕಾರ್ಬನ್, ರಿಪೇರಿ ಅಂಗಡಿಯಲ್ಲಿ ಕೇಳಿ ತಂದು ಕುಟ್ಟಿದ್ದು. ಇಂಥ ಇದ್ದಿಲು ಮಣ್ಣಿನಲ್ಲಿರುವ ಆಮ್ಲ, ರಸಾಯನಗಳನ್ನು ತನಗೆ ಅಂಟಿಸಿಕೊಳ್ಳುತ್ತದೆ. ಪ್ರತಿ ಲೋಟಕ್ಕೆ ಹತ್ತು ಬೀಜ, ಎಲ್ಲಕ್ಕೂ ಅಳತೆ ಮಾಡಿ ಅಷ್ಟೇ ನೀರು. ಕಿಟಕಿಯ ಕಟ್ಟೆಯ ಮೇಲೆ ಇಟ್ಟೆವು. ಕಾಕು ದಿನಾ ನೀರು ಹಾಕಿದರು.

ಒಂಬತ್ತನೇ ದಿನ ಎಣಿಸಿದೆವು. ಹೆಸರಿನ ಮಣ್ಣಿನಲ್ಲಿ 20ಕ್ಕೆ 18 ಹುಟ್ಟಿದ್ದವು. ಜೋಳದ ಮಣ್ಣಿನಲ್ಲಿ 11. ಇದ್ದಿಲು ಹಾಕಿದ್ದರಲ್ಲಿ 16. ಬೇರು ತೊಳೆದು ಬೆಂಕಿಕಡ್ಡಿಯ ಪಕ್ಕ ಇಟ್ಟು ನೋಡಿದರೆ, ಜೋಳದ ಮಣ್ಣಿನವು ಹೆಚ್ಚಿನವು ಕಡ್ಡಿಗಿಂತ ಗಿಡ್ಡ. ಇದ್ದಿಲಿನವು ಎರಡು ಕಡ್ಡಿಯುದ್ದ.

ಇದರಲ್ಲಿ ನನಗೆ ಮುಖ್ಯ ಅನಿಸಿದ್ದು ಒಂಬತ್ತು ದಿನ ಅನ್ನುವುದು. ಅಷ್ಟು ದಿನ ಕಡಲೆ ಸಸಿ ಬೀಜದಲ್ಲಿರುವ ಬುತ್ತಿಯನ್ನೇ ಉಂಡು ಬದುಕುತ್ತದೆ, ಮಣ್ಣಿನ ಸಾರಜನಕಕ್ಕೆ ಇನ್ನೂ ಕೈ ಹಾಕಿರುವುದಿಲ್ಲ. ನೀರು ಎಲ್ಲಕ್ಕೂ ಸಮ. ಹಾಗಾದರೆ ಬೇರು ಗಿಡ್ಡವಾದದ್ದಕ್ಕೆ ಹಸಿವಾಗಲಿ ಬಾಯಾರಿಕೆಯಾಗಲಿ ಕಾರಣ ಅಲ್ಲ. ಕೊಳೆಯುವ ಕೂಳೆಯಲ್ಲಿ ಬೀಜ ಕೊಳೆಸುವ ಶಿಲೀಂಧ್ರವೂ ಇರಬಹುದಲ್ಲ ಅಂತ ಕೇಳಬಹುದು. ಶಿಲೀಂಧ್ರದ ಕೆಲಸವೇ ಆಗಿದ್ದರೆ ಇದ್ದಿಲು ಅದನ್ನು ಇಷ್ಟು ತಡೆಯುತ್ತಿರಲಿಲ್ಲ. ಆದರೆ ಇದ್ದಿಲು ಅಟ್ರಾಜಿನ್ ಅನ್ನೂ ಹೀಗೇ ಹೀರಿಕೊಳ್ಳುತ್ತದೆ. ಆ ಪ್ಯಾಕೆಟ್ ಒಡೆದು ಖಾಲಿಯಾಗಿದ್ದರೆ ನನ್ನ ಲೋಟದ ಪರೀಕ್ಷೆಯಿಂದ ಏನೂ ಹೇಳಲು ಬರುತ್ತಿರಲಿಲ್ಲ.

ಆರು ಲೋಟದ ಪರೀಕ್ಷೆ ಪ್ರಯೋಗಾಲಯದ ಪರೀಕ್ಷೆಗೆ ಸಮ ಅಲ್ಲ, ನಿಜ. ಆದರೆ ಹೊಲದಲ್ಲಿ ಕೂಳೆ ಗಡ್ಡೆಯ ಪಕ್ಕ ಕಂಡ ಗಾಳದಂಥ ಬೇರು, ಲೋಟದ ಬೇರು, ಒಡೆಯದ ಪ್ಯಾಕೆಟ್ ಮೂರೂ ಒಂದೇ ಕಡೆ ಕೈ ತೋರಿಸುತ್ತಿದ್ದವು.

ಬದುವಿನ ಬೋಳು ಪಟ್ಟಿ

ಇಷ್ಟಾದ ಮೇಲೆ ನನಗೆ ಧೈರ್ಯ ಸ್ವಲ್ಪ ಜಾಸ್ತಿಯೇ ಆಯಿತು. ಉತ್ತರದ ಬೋಳು ಪಟ್ಟಿಗೂ ಇದೇ ಕಾರಣ ಅಂದೆ. ಬಳ್ಳಾರಿ ಜಾಲಿಯ ಎಲೆಯಲ್ಲೂ ಬೇರೆ ಗಿಡದ ಬೀಜ ಮೊಳೆಯದಂತೆ ತಡೆಯುವ ವಸ್ತುಗಳಿವೆ, ಆ ಮಾತು ಸುಳ್ಳಲ್ಲ. ಕಾಕಾ ಕೂಡಲೇ ಕೊಡಲಿ ಮಸೆಯಲು ಕೊಟ್ಟರು.

ತಡೆದದ್ದು ಒಂದು ಹಳೆಯ ಕತೆಯ ನೆನಪು. ಕ್ಯಾಲಿಫೋರ್ನಿಯಾದ ಗುಡ್ಡಗಳಲ್ಲಿ ಘಮ್ಮೆನ್ನುವ ಒಂದು ಪೊದೆಯ ಸುತ್ತ ಹುಲ್ಲು ಬೆಳೆಯದ ಬೋಳು ಪಟ್ಟಿ ಇರುತ್ತದೆ. ಪೊದೆಯಿಂದ ಹೊರಡುವ ಆವಿಯೇ ಕಾರಣ ಅಂತ 1964ರಲ್ಲಿ ಮುಲ್ಲರ್ ಮತ್ತು ಜೊತೆಗಾರರು ಬರೆದರು, ಅದು ಎಲ್ಲ ಕಡೆ ಉದಾಹರಣೆಯಾಯಿತು. 1970ರಲ್ಲಿ ಬಾರ್ಥಲೋಮ್ಯೂ ಅನ್ನುವವರು ಆ ಬೋಳು ಜಾಗದಲ್ಲಿ ತಂತಿ ಬಲೆಯ ಪಂಜರ ಇಟ್ಟರು. ಪಂಜರದೊಳಗೆ ಹುಲ್ಲು ಬೆಳೆಯಿತು. ಪೊದೆಯಲ್ಲಿ ಅಡಗಿಕೊಳ್ಳುವ ಇಲಿ, ಮೊಲ, ಹಕ್ಕಿಗಳು ಹೊರಗೆ ಬಂದು ಅಲ್ಲಲ್ಲೇ ಮೇಯುತ್ತಿದ್ದವು!

ನಮ್ಮಲ್ಲಿ ತಂತಿ ಬಲೆ ಯಾಕೆ, ಕೋಳಿ ಮುಚ್ಚುವ ಬುಟ್ಟಿ ಇದ್ದವು. ಬೋಳು ಪಟ್ಟಿಯಲ್ಲಿ ಮೂರು ಕಡೆ ಕಡಲೆ ಊರಿ, ಮೇಲೆ ಬುಟ್ಟಿ ಬೋರಲು ಹಾಕಿ ಕಲ್ಲು ಇಟ್ಟೆವು. ಪಕ್ಕದಲ್ಲೇ ಮೂರು ಕಡೆ ಬುಟ್ಟಿ ಇಲ್ಲದೆ ಊರಿದೆವು. ಎರಡು ವಾರ ಬಿಟ್ಟು ಬೆಳಿಗ್ಗೆ ಬೇಗ ಹೋದೆ. ಕಡಲೆ ಎಲೆಯ ಮೇಲಿನ ಇಬ್ಬನಿ ಪ್ಯಾಂಟಿಗೆ ಹತ್ತಿ ಚುರುಗುಟ್ಟುತ್ತಿತ್ತು. ಈ ಹುಳಿಯೂ ಗಿಡ ಒಸರುವ ರಸಾಯನವೇ, ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲ. ಹಿಂದೆ ಬಟ್ಟೆ ಹಾಸಿ ಹಿಂಡಿ ಕಡಲೆ ಹುಳಿ ಅಂತ ಎತ್ತಿಡುತ್ತಿದ್ದರು. ಬುಟ್ಟಿ ಎತ್ತಿದರೆ ಮೂರರಲ್ಲೂ ಸಸಿ ನಿಂತಿವೆ, ಹಸಿರಾಗಿ. ಹೊರಗಿನ ಮೂರೂ ಬುಡಮಟ್ಟ ಕಚ್ಚಿ ಹೋಗಿವೆ. ಸುತ್ತ ಜಿಂಕೆಯ ಗೊರಸಿನ ಗುರುತು, ಹಿಕ್ಕೆ. ಜಾಲಿಯ ಮರೆಯಲ್ಲಿ ನಿಂತು ರಾತ್ರಿ ಒಳಗೆ ಬಂದು ಮೇಯುತ್ತಿದ್ದವು.

ಕಾಕಾ ಬುಟ್ಟಿಯನ್ನೂ ನನ್ನನ್ನೂ ನೋಡಿದರು. "ಗಿಡದ ತಪ್ಪು ಅಲ್ರಿ ಇದು. ನಿಮ್ಮ ಮಾತು ಕೇಳಿ ಕಡದಿದ್ರ?" ಇದು ನನ್ನ ಎರಡನೇ ತಪ್ಪು. ಒಂದು ಕಡೆ ಸರಿಯಾದ ಕಾರಣ ಪಕ್ಕದ ಜಾಗಕ್ಕೂ ಹೊಂದುತ್ತದೆ ಅಂದುಕೊಂಡೆ. ಕೊಡಲಿ ಮಸೆದ ದುಡ್ಡು ಈಗಲೂ ನನ್ನ ಲೆಕ್ಕದಲ್ಲಿದೆ ಅಂತ ಅವರು ಆಗಾಗ ನೆನಪಿಸುತ್ತಾರೆ.

ಆ ವರ್ಷ ಏನು ಮಾಡಿದೆವು

ನವೆಂಬರ್ ಮಧ್ಯ ದಾಟಿತ್ತು. ಕಿತ್ತು ಮತ್ತೆ ಬಿತ್ತೋಣ ಅಂತ ಅಣ್ಣನ ಮಗ. ಬೇಡ ಅಂದೆ. ಒಣ ಭೂಮಿಯಲ್ಲಿ ತಡವಾದ ಕಡಲೆ ಹೂ ಬಿಡುವ ಹೊತ್ತಿಗೆ ಹಸಿಯೂ ಇರುವುದಿಲ್ಲ, ಬಿಸಿಲೂ ಏರುತ್ತದೆ. ಕಣ್ಣಿಗೆ ಕಾಣುವ ದೊಡ್ಡ ಕೂಳೆ ಗಡ್ಡೆಗಳನ್ನು ಸಾಲಿನಿಂದ ಆರಿಸಿ ಬದುವಿಗೆ ಹಾಕಿದರು. ಎಡೆಕುಂಟೆ ಹೊಡೆದು ಮಣ್ಣಿಗೆ ಗಾಳಿ ಆಡಿಸಿದರು. ಹೊಂಡದಿಂದ ಒಂದು ಸಲ ಸ್ಪ್ರಿಂಕ್ಲರ್ ನೀರು ಕೊಟ್ಟರು. ನೀರು ಬಾಯಾರಿಕೆ ನೀಗಿಸುತ್ತದೆ, ಕೊಳೆಯುವುದು ಬೇಗ ಮುಗಿಯಲೂ ಸಹಾಯ. ಉಳಿದದ್ದಕ್ಕೂ ಯೂರಿಯಾ ನೀರು ಸಿಂಪಡಿಸಿದರು.

ಡಿಸೆಂಬರ್‌ನಲ್ಲಿ ಉಳಿದ ಸಸಿಗಳು ಎದ್ದವು, ಕೆಲವು ಚೆನ್ನಾಗಿಯೇ ಕವಲೊಡೆದವು. ರಾಶಿ ಮಾಡಿದಾಗ ಹೆಸರಿನ ತುಂಡಿನಲ್ಲಿ ಎಕರೆಗೆ ಆರು ಕ್ವಿಂಟಲ್ ಲೆಕ್ಕ ಬಿತ್ತು, ಜೋಳದ ತುಂಡಿನಲ್ಲಿ ಮೂರೂವರೆ. ಈ ವ್ಯತ್ಯಾಸದಲ್ಲಿ ರಸಾಯನದ ಪಾಲು ಎಷ್ಟು, ಸಾರಜನಕದ್ದು ಎಷ್ಟು, ನೀರಿನದು ಎಷ್ಟು ಅಂತ ಬೇರೆ ಬೇರೆ ತೂಗಲು ಬರುವುದಿಲ್ಲ. ಅವು ಬೇರೆ ಬೇರೆಯಾಗಿ ಕೆಲಸವನ್ನೂ ಮಾಡುವುದಿಲ್ಲ. ಬೇರು ಗಿಡ್ಡವಾದ ಸಸಿಗೆ ಕೆಳಗಿನ ಹಸಿ ಎಟುಕುವುದಿಲ್ಲ. ಮಣ್ಣಿನಲ್ಲಿ ಅಮೋನಿಯಂ ರೂಪದ ಸಾರಜನಕ ನೈಟ್ರೇಟ್ ರೂಪಕ್ಕೆ ಬದಲಾಗುವುದನ್ನೂ ಸೋರ್ಗೋಲಿಯೋನ್ ನಿಧಾನ ಮಾಡುತ್ತದೆ.

ನನಗೆ ಕಂಡದ್ದು ಇಷ್ಟು. ಜೋಳದ ವಿಷ ಹೊಸದಲ್ಲ. ಕಾಕಾ ಅವರ ಅಪ್ಪನ ಜೋಳದಲ್ಲೂ ಅದು ಇತ್ತು. ಆಗ ಅದು ಕರಗಿ ಹೋಗಲು ಏಳು ತಿಂಗಳಿತ್ತು. ಈಗ ಆರು ದಿನ. ಹೊಂಡದ ನೀರು, ರೋಟಾವೇಟರ್, ಹಾಲಿನ ದುಡ್ಡು ಎಲ್ಲ ಒಳ್ಳೆಯದೇ. ಆದರೆ ಅವು ಬಂದು ಎರಡು ಬೆಳೆಯ ನಡುವಿನ ಖಾಲಿ ಹೊತ್ತನ್ನು ತಿಂದುಹಾಕಿದ್ದವು. ಖಾಲಿ ಬಿದ್ದಿದೆ ಅಂತ ನಾವು ಅಂದುಕೊಂಡ ಹೊಲ ಆಗ ಒಂದು ಕೆಲಸ ಮಾಡುತ್ತಿತ್ತು.

ಎರಡನೇ ವರ್ಷ: ಅದನ್ನೇ ಬಳಸಿಕೊಂಡದ್ದು

ಮೇವಿನ ಜೋಳ ಬಿಡಲು ಆಗುವುದಿಲ್ಲ, ಎಮ್ಮೆ ಇವೆ. ತುಂಡು ಬದಲಿಸಿದರು. ಕಡಲೆ ಹಾಕುವ ತುಂಡಿಗೆ ಮುಂಗಾರಿಯಲ್ಲಿ ಹೆಸರೇ. ಮೇವಿನ ಜೋಳ ಕೊನೆಯ ಕೊಯ್ಲು ಆದ ತುಂಡನ್ನು ಮರು ಜೂನ್‌ವರೆಗೆ ಬಿಡುವುದು. ಇಷ್ಟು ಸುಲಭ.

ಅಣ್ಣನ ಮಗನಿಗೆ ಇನ್ನೊಂದು ಯೋಚನೆ ಬಂತು. ಕಡಲೆಯನ್ನು ತಡೆಯುವ ಜೋಳ ಕಸವನ್ನೂ ತಡೆಯಬೇಕಲ್ವಾ? ಸರಿಯಾದ ಪ್ರಶ್ನೆ. ಪಾಕಿಸ್ತಾನದ ಫೈಸಲಾಬಾದ್ ಕೃಷಿ ವಿಶ್ವವಿದ್ಯಾಲಯದಲ್ಲಿ ಜೋಳದ ದಂಟನ್ನು ನೀರಿನಲ್ಲಿ ನೆನೆಸಿ ತೆಗೆದ ರಸವನ್ನು ಗೋಧಿ ಹೊಲದ ಕಳೆಗೆ ಹೊಡೆದು ತುಂಬಾ ಕೆಲಸ ಮಾಡಿದ್ದಾರೆ, ಅದಕ್ಕೆ ಸೋರ್ಗಾಬ್ ಅಂತ ಹೆಸರು. ಅವನೂ ಡ್ರಮ್ಮಿನಲ್ಲಿ ಒಂದು ಕಿಲೋ ಕತ್ತರಿಸಿದ ದಂಟಿಗೆ ಹತ್ತು ಲೀಟರ್ ನೀರಿನ ಹಾಗೆ ಒಂದು ದಿನ ನೆನೆಸಿ, ಸೋಸಿ ಹೊಡೆದ. ಕಸ ಎರಡು ದಿನ ಬಾಡಿದ ಹಾಗೆ ಕಂಡಿತು, ಆಮೇಲೆ ಏನೂ ಆಗದ ಹಾಗೆ ಎದ್ದಿತು. ರಸವನ್ನು ಕುದಿಸಿ ಗಟ್ಟಿ ಮಾಡಬೇಕಿತ್ತು. ಆದರೆ ಅಷ್ಟು ಕಟ್ಟಿಗೆ ಸುಡಲು ಕಾಕು ಒಪ್ಪಲಿಲ್ಲ. ಅಲ್ಲಿಗೆ ಬಿಟ್ಟೆವು.

ಮುಚ್ಚಿಗೆ ಕೆಲಸ ಮಾಡಿತು. ತೊಗರಿ ಒಂದು ಅಡಿ ಬಂದ ಮೇಲೆ ಸಾಲುಗಳ ನಡುವೆ ಜೋಳದ ದಂಟು ಹಾಸುವುದು. ಇದರ ಹಿಂದಿನ ಲೆಕ್ಕ ಸರಳ. ಎಷ್ಟೋ ಕಸದ ಬೀಜ ತೀರಾ ಸಣ್ಣ, ಮಣ್ಣಿನ ಮೇಲ್ಪದರದಲ್ಲೇ ಮೊಳೆಯುತ್ತದೆ, ದಂಟಿನಿಂದ ಇಳಿಯುವ ರಸ ಮೊದಲು ಸಿಗುವುದು ಅದಕ್ಕೆ. ತೊಗರಿಯ ಬೇರು ಆಗಲೇ ಕೆಳಗೆ ಹೋಗಿರುತ್ತದೆ. ಕಾಕು ಮಾತ್ರ ಮೊದಲ ದಿನವೇ ಬೈದರು. "ದನ ತಿನ್ನೋ ಕಣಿಕಿ ನೆಲಕ್ಕ ಹಾಸ್ತೀರೇನು? ಬರಗಾಲ ಕಂಡೀರೇನು?" ಮಾತು ನ್ಯಾಯವಾದದ್ದೇ, ಕಣಿಕೆಗೆ ದುಡ್ಡಿದೆ. ಕೊನೆಗೆ ಎಮ್ಮೆ ತಿಂದು ಬಿಟ್ಟ ಬುಡದ ದಂಟು, ಗೋದಲಿಯಲ್ಲಿ ಉಳಿದದ್ದು ಮಾತ್ರ ಹಾಸುವುದು ಅಂತ ಒಪ್ಪಂದವಾಯಿತು. ಅದು ಅರ್ಧ ಎಕರೆಗೆ ಸಾಕಾಯಿತು. ಆ ಅರ್ಧ ಎಕರೆಯಲ್ಲಿ ಗೋಣಿ ಸೊಪ್ಪು, ಕಾಂಗ್ರೆಸ್ ಕಸದ ಸಸಿ ಚೆನ್ನಾಗಿ ಕಡಿಮೆಯಾದವು, ಒಂದು ಸಲದ ಕಸ ತೆಗೆಯುವ ಕೂಲಿ ಉಳಿಯಿತು. ಜೇಕು, ಕರಿಕೆ ಮಾತ್ರ ದಂಟು ಸೀಳಿಕೊಂಡು ಬಂದವು. ಗಡ್ಡೆಯಿಂದ, ನೆಲದೊಳಗಿನ ಕಾಂಡದಿಂದ ಬರುವ ಕಸಕ್ಕೆ ಇದು ನಾಟುವುದಿಲ್ಲ. ಇನ್ನೊಂದು ಮಾತು, ನೆರಳು ಮಾಡುವ ಯಾವ ಮುಚ್ಚಿಗೆಯಾದರೂ ಕಸ ತಡೆಯುತ್ತದೆ. ತೊಗರಿ ಕಟ್ಟಿಗೆ ಹಾಸಿ ಹೋಲಿಸಿ ನೋಡಬೇಕಿತ್ತು. ಕಾಕು ಅದನ್ನೂ ಒಲೆಗೆ ಎತ್ತಿಟ್ಟಿದ್ದರು.

ಬದುವಿಗೆ ಜೂನ್ ಮಳೆಗೆ ಮೊದಲು ತಗಚೆ ಬೀಜ ಚೆಲ್ಲಿದರು. ತಗಚೆ ಜಾತಿಯ ಗಿಡಗಳು ಕಾಂಗ್ರೆಸ್ ಕಸವನ್ನು ಹಿಂದಕ್ಕೆ ತಳ್ಳುತ್ತವೆ ಅಂತ ಕರ್ನಾಟಕದಲ್ಲೇ ಹಿಂದಿನಿಂದ ಪ್ರಯತ್ನ ನಡೆದಿದೆ. ಕಸ ತೆಳುವಾಯಿತು. ಬಳ್ಳಾರಿ ಜಾಲಿ ಇನ್ನೂ ಇದೆ, ಜಿಂಕೆ ತಡೆಯಲು ಹಳೆ ಸೀರೆ ಕಟ್ಟಿದ್ದಾರೆ.

ಮೂರನೇ ವರ್ಷ ಮೇವು ಕಡಿಮೆ ಬಿತ್ತು, ಕಡಲೆಯ 20 ಗುಂಟೆಗೆ ಮತ್ತೆ ಜೋಳ ಹಾಕಬೇಕಾಯಿತು. ಈ ಸಲ ಒಂದೇ ಕೊಯ್ಲು, ಆಗಸ್ಟ್ ಕೊನೆಗೆ. ಬುಡ ಸಮೇತ ಕಿತ್ತು ಹೊರಗೆ ಹಾಕಿದರು. ಅಕ್ಟೋಬರ್ ಮೊದಲ ವಾರ ಕಾಕಾ ಫೋನ್ ಮಾಡಿದರು. ನನ್ನನ್ನು ಕೇಳದೆ ತಾವೇ ಎರಡು ಲೋಟಕ್ಕೆ ಹೊಲದ ಮಣ್ಣು ತುಂಬಿ ಬೀಜ ಹಾಕಿ ನೋಡಿದ್ದರು.

"ಒಂದರಾಗ ಎಂಟು ಹುಟ್ಯಾವ, ಇನ್ನೊಂದರಾಗ ಏಳು. ಏನ್ ಮಾಡ್ಲಿರಿ?"

"ಒಂದು ವಾರ ತಡೀರಿ ಕಾಕಾ."

"ಹಸಿ ಆರ್ತದಲ್ರಿ."

ಅವರು ಹೇಳಿದ್ದೂ ಸರಿ. ಕೊನೆಗೆ 10 ಗುಂಟೆ ಅವತ್ತೇ ಬಿತ್ತಿದರು, 10 ಗುಂಟೆ ಎಂಟು ದಿನ ಬಿಟ್ಟು. ಡಿಸೆಂಬರ್‌ನಲ್ಲಿ ಹೋದಾಗ ಯಾವುದು ಯಾವುದು ಅಂತ ನನಗೆ ಗುರುತು ಹಿಡಿಯಲು ಆಗಲಿಲ್ಲ. ಕಾಕಾ ಗೂಟ ತೋರಿಸಿದರು. ಮೊದಲು ಬಿತ್ತಿದ್ದು ಎರಡು ಬೆರಳು ಹೆಚ್ಚು ಎತ್ತರ ಇತ್ತು. ಕಿಟಕಿ ಕಟ್ಟೆಯ ಮೇಲೆ ಆ ಎರಡು ಲೋಟದಲ್ಲಿ ಕಡಲೆ ಹೂ ಬಿಟ್ಟಿತ್ತು, ಕಾಕು ಕಿತ್ತಿರಲಿಲ್ಲ.